ಎರಡು ಗೆರೆಯ ಮದುವೆ

ಸಂಬಂಧ ಬೆಸೆಯುವುದರಲ್ಲಿ ನನ್ನನ್ನು ಮೀರಿಸುವವರು ಜಾವಗಲ್ಲಿನಲ್ಲಿ ಯಾರೂ ಇಲ್ಲ. ಓದಿದ್ದು ಮೂರನೇ ಕ್ಲಾಸು. ಆದರೆ ಅರಸೀಕೆರೆ ಬಸ್ಸಿನಲ್ಲಿ ಪಕ್ಕ ಕೂತವರು ಯಾರೇ ಆಗಲಿ, ಮೂರು ಮಾತಿನೊಳಗೆ ಅವರನ್ನು ನೆಂಟರು ಮಾಡಿಬಿಡುತ್ತೇನೆ. ಇದನ್ನು ನಾನು ವಿದ್ಯೆ ಅಂದುಕೊಂಡಿದ್ದೆ. ಮನೆಯವರು ಬಾಯಿಚಪಲ ಅನ್ನುತ್ತಿದ್ದರು.

ಮಗಳ ಮಗಳು ಸುಮಾ ನಮ್ಮ ಮನೆಯಲ್ಲಿದ್ದುಕೊಂಡು ಅರಸೀಕೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಎಲ್ಲದರಲ್ಲೂ ಪಾಸಾಗಿ ಜೆನೆಟಿಕ್ಸಿನಲ್ಲಿ ಮಾತ್ರ ಡುಮ್ಕಿ ಹೊಡೆದಳು. ಸುಳ್ಳು ಯಾಕೆ ಹೇಳಲಿ, ನನಗೇನೂ ದುಃಖವಾಗಲಿಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ ನನ್ನ ಕಿರಿಮಗ ಚಂದ್ರುಗೆ ತಂದುಕೊಳ್ಳಬೇಕು ಅಂದುಕೊಂಡಿದ್ದೆ. ಸೋದರಮಾವ, ಹೊರಗಿನವನಲ್ಲ. ಅವಳಿಗೋ ಬಿ.ಎಡ್. ಮಾಡಿ ಟೀಚರಾಗುವ ಹಟ. ಕೊನೆಗೆ ರಾಜಿಯಾಯಿತು: ಈ ಸಲ ಪಾಸಾದರೆ ಬಿ.ಎಡ್., ಇಲ್ಲವಾದರೆ ಚಂದ್ರು.

ಪರೀಕ್ಷೆಗೆ ವಾರವಿದೆ ಎನ್ನುವಾಗ ನಾನು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಸುಮಾ ಹಾಳೆ ಹಿಡಿದು ಬಂದು, ಓದಿದ್ದು ಅಭ್ಯಾಸವಾಗಲಿ ಎಂದು ನಮ್ಮ ಮನೆಯ ವಂಶವನ್ನೇ ಬರೆಯಲು ಕೂತಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಪುಸ್ತಕದವರೂ ನಮಗೆ ಕೊಟ್ಟಿದ್ದು ಅಷ್ಟೇ. ಕಿವಿಯಲ್ಲಿ ಕೂದಲಿರುವವರ ಚೌಕಕ್ಕೆ ಕಪ್ಪು. ಆ ಕೂದಲು ಅಪ್ಪನಿಂದ ಗಂಡುಮಕ್ಕಳಿಗೇ ಇಳಿಯುತ್ತದಂತೆ. ಹೇಳಬೇಕೆ! ನಮ್ಮವರು, ಅವರಪ್ಪ, ಚಂದ್ರು ಎಲ್ಲರ ಕಿವಿಯಲ್ಲೂ ತೆಂಗಿನ ನಾರು.

"ಅಜ್ಜಿ, ನಿನ್ನ ಯಾವ ಸಾಲಲ್ಲಿ ಕೂರಿಸ್ಲಿ? ನಿಮ್ಮಮ್ಮನ ಮಗಳು ಅಂದ್ರೆ ಮೂರನೇ ಸಾಲು, ತಾತನ ಹೆಂಡ್ತಿ ಅಂದ್ರೆ ಎರಡನೇದು."

"ಊಟದ ಪಂಕ್ತಿ ಏನೇ ಇದು? ಎಲ್ಲಿ ಜಾಗ ಐತೋ ಅಲ್ಲಿ ಕೂರ್ಸು."

ನಾನೂ ಸೋದರಮಾವನನ್ನೇ ಕಟ್ಟಿಕೊಂಡವಳು. ಅಮ್ಮನ ಅಪ್ಪನೇ ನನಗೆ ಮಾವ. ಸುಮಾ ನನಗೂ ತಾತನಿಗೂ ನಡುವೆ ಎರಡು ಗೆರೆ ಎಳೆದಳು. ಬೇರೆ ಗಂಡಹೆಂಡಿರಿಗೆಲ್ಲ ಒಂದೇ. ಇಷ್ಟು ವರ್ಷ ಬಾಳಿದ್ದಕ್ಕೆ ಮರ್ಯಾದೆ ಇರಬೇಕು ಎಂದು ಹಿಗ್ಗಿದೆ.

"ಗಟ್ಟಿ ಸಂಬಂಧ ಅಂತ ತಾನೇ?"

"ಹತ್ತಿರದ ರಕ್ತ ಅಂತ ಕಣಜ್ಜಿ. ಎರಡೂ ಕಡೆ ಬಚ್ಚಿಟ್ಕೊಂಡಿರೋ ಕಾಯಿಲೆ ಮಕ್ಕಳಲ್ಲಿ ಜೊತೆ ಸೇರಬಹುದು."

"ನನ್ನ ಮಕ್ಕಳಿಗೆ ಏನಾಗೈತೆ? ನಿಮ್ಮವ್ವ ಗುಂಡುಕಲ್ಲಿದ್ದಂಗವ್ಳೆ!"

"ಬಂದೇ ಬರುತ್ತೆ ಅಂದ್ನಾ? ಬರಬಹುದು ಅಂದೆ."

ಸಿಟ್ಟು ಬಂತು. ಆದರೂ ವಾರವಿಡೀ ನಾನು ಸಂಬಂಧ ಹೇಳುವುದು, ಅವಳು ಗೆರೆ ಎಳೆಯುವುದು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅವಳು ಫೇಲಾಗಿ ನನ್ನ ಸೊಸೆಯಾಗಿ ಮನೆಯಲ್ಲೇ ಉಳಿಯುತ್ತಿದ್ದಳು. ಆದರೆ ಕೇಳುವವರು ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಪರೀಕ್ಷೆ ಮುಗಿಸಿ ಬಸ್ಸಿಳಿದವಳು ದೂರದಿಂದಲೇ ಕೂಗಿದಳು: "ಅಜ್ಜೀ, ಪೇಪರಲ್ಲಿ ನೀನೇ ಬಂದಿದ್ದೆ! ಎರಡು ಗೆರೆ ಹಾಕಿ, ಇವರಿಬ್ರೂ ಏನಾಗ್ಬೇಕು ಅಂತ ಕೇಳಿದ್ರು."

"ಯಾವ ಸಾಲಲ್ಲಿ ಕೂರ್ಸಿದ್ರು?" ಅಂದೆ.

ಪಾಸಾದಳು. ಕೊಟ್ಟ ಮಾತು, ಬಿ.ಎಡ್.ಗೆ ಕಳಿಸಿದೆ. ಚಂದ್ರು ಬೇಜಾರು ಮಾಡಿಕೊಂಡಾನು ಎಂದು ನೋಡಿದರೆ ಅವಳ ಟ್ರಂಕು ಹೊತ್ತು ಬಸ್ಸಿಗೆ ಏರಿಸಿದ್ದೇ ಅವನು. ಸಂಕಟವೆಲ್ಲ ನನಗೊಬ್ಬಳಿಗೆ.

"ಮಾವನಿಗೆ ಒಂದೇ ಗೆರೆ ಹೆಣ್ಣು ಹುಡುಕಜ್ಜಿ" ಎಂದು ಸುಮಾಳ ಅಪ್ಪಣೆಯಾಗಿದೆ. ಮೊನ್ನೆ ಬಿಕ್ಕೋಡಿನಲ್ಲಿ ಹುಡುಗಿ ನೋಡಿದೆವು. ಕಂಡು ಕೇಳಿರದ ಜನ, ಅಪ್ಪಟ ಹೊರಗಿನವರು. ಇನ್ನೇನು ಒಪ್ಪಿಗೆಯಾಗುವುದರಲ್ಲಿತ್ತು. ಕಾಫಿ ಕುಡಿಯುತ್ತಾ ಸುಮ್ಮನಿರಲಾರದೆ ಹುಡುಗಿಯ ಅಜ್ಜಿಯನ್ನು, "ನಿಮ್ಮ ತವರು ಯಾವೂರವ್ವಾ?" ಎಂದು ಕೇಳಿದೆ. ಮೂರನೇ ಮಾತಿಗೆ ಆಕೆ ನನಗೆ ಅತ್ತಿಗೆಯಾದಳು.

ಸುಮಾಳಿಗೆ ಇನ್ನೂ ಹೇಳಿಲ್ಲ.