ತೋಟಪ್ಪನವರ ಎಂಟು ಕುದುರೆಗಳು

ತಮ್ಮ ಕಾರಿಗೆ ಹದಿನೈದು ಅಶ್ವಶಕ್ತಿ ಹೆಚ್ಚಾಗಿದೆ ಎಂದು ತೋಟಪ್ಪನವರು ಹೇಳಿದ್ದನ್ನು ಇಡೀ ದಾವಣಗೆರೆ ಒಪ್ಪಿತ್ತು, ಅವರ ಹೆಂಡತಿ ಕಸ್ತೂರಮ್ಮನವರೊಬ್ಬರನ್ನು ಬಿಟ್ಟು. (ಇಡೀ ದಾವಣಗೆರೆ ಎಂದರೆ ಅವರ ಪಾತ್ರೆ ಅಂಗಡಿಯ ಇಬ್ಬರು ಕೆಲಸಗಾರರು. ಒಪ್ಪದೆ ಪಾಪ ಅವರು ಎಲ್ಲಿಗೆ ಹೋಗಬೇಕು?)

ಬಿಳಿ ಕಾರೇನೋ ಎಂಟು ವರ್ಷ ಹಳೆಯದು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಬೋಧಿಸಿದ್ದನ್ನು ಕೇಳಿದ ತೋಟಪ್ಪನವರು ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ಕೀಳಿಸಿ ಅಟ್ಟಕ್ಕೆ ಎಸೆದರು. ಅದರ ಜಾಗದಲ್ಲಿ ಕೆಂಪು ಗೋಪುರದಂಥ ಹೊಸ ಫಿಲ್ಟರ್ ಪ್ರತಿಷ್ಠಾಪನೆಯಾಯಿತು. ಹಿಂದೆ ಅಗಲ ಬಾಯಿಯ ಸೈಲೆನ್ಸರ್ ಬಂತು. ಗಾಡಿ ಸ್ಟಾರ್ಟ್ ಆದರೆ ಅವರ ಬಡಾವಣೆ ಎಂ.ಸಿ.ಸಿ. ಬಿ ಬ್ಲಾಕಿನ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ಆರು ತಿಂಗಳಲ್ಲಿ ನಾಯಿಗಳಿಗೆ ರೂಢಿಯಾಯಿತು, ಕಸ್ತೂರಮ್ಮನವರಿಗೆ ಆಗಲಿಲ್ಲ.

ಅವರ ಸಂಕಟ ಸದ್ದಿನದಷ್ಟೇ ಅಲ್ಲ. ಐವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದವರು ಅವರು. ಅದು ಎರಡು ವರ್ಷದಿಂದ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ಕೀಲಿ ಕೇಳಿದಾಗಲೆಲ್ಲ ಗಂಡನ ಬಳಿ ಒಂದು ನೆಪ ಸಿದ್ಧವಿರುತ್ತಿತ್ತು. ಈಗಿನ ನೆಪ ಇದು:

"ಹದಿನೈದು ಕುದ್ರೆ ಜಾಸ್ತಿ ಆಗ್ಯಾವೆ ಕಣೇ. ಇಷ್ಟು ಪವರ್ ನಿನ್ ಕೈಗೆ ಬಗ್ಗಲ್ಲ."

"ಎಣಿಸಿದೋರು ಯಾರ್ರೀ?"

"ಎಣಿಸೋದೇನೈತೆ? ಆಕ್ಸಿಲೇಟರ್ ಒತ್ತಿದ್ರ ಬೆನ್ನು ಸೀಟಿಗೆ ಅಂಟ್ಕೊಂತೈತೆ. ನಂಗೆ ಗೊತ್ತಾಗಲ್ವಾ?"

"ನಿಮ್ ಬೆನ್ನೇನು ತಕ್ಕಡಿನಾ? ಅಂಗಡಿಗೆ ಬಂದೋರು ತೂಕ ಕಮ್ಮಿ ಅಂದ್ರ ಏನಂತೀರಿ? ತಕ್ಕಡಿಗೆ ಇಟ್ಟ ಮ್ಯಾಲೆ ಮಾತಿಲ್ಲ ಅಂತೀರಲ್ಲ. ಹರಿಹರದಾಗೆ ಬಿಲಾಲ್ ಅಂತ ಮೆಕ್ಯಾನಿಕ್ ಐದಾರೆ. ಹಾರ್ಸ್‌ಪವರ್ ಅಳೆಯೋ ಮಿಷನ್ ಐತಂತೆ. ನಡೀರಿ, ತೂಗ್ಸಾನ. ಐದು ಕುದ್ರೆ ಜಾಸ್ತಿ ತೋರಿಸ್ಲಿ, ಸಾಯೋತನಕ ಕೀಲಿ ಹೆಸ್ರು ಎತ್ತಲ್ಲ. ಇಲ್ಲಾಂದ್ರ ಕೀಲಿ ನಂದು."

"ನಡಿಯೇ! ನಾನೇನು ಹೆದರ್ತೀನಾ?"

ಹೆದರುವ ವಂಶವೇ ಅಲ್ಲ ಅವರದು. ಹಳೇ ಸಾಮಾನನ್ನೂ ತನ್ನಿ, ಒಂದೇ ದಿನ ಒಂದೇ ಬಿಸಿಲಿನಲ್ಲಿ ಎರಡನ್ನೂ ಅಳೆದರೇ ನ್ಯಾಯ ಎಂದು ಬಿಲಾಲ್ ಫೋನಿನಲ್ಲಿ ಹೇಳಿದರು. ತೋಟಪ್ಪನವರು ತಾವೇ ಏಣಿ ಹತ್ತಿ ಹಳೆಯ ಡಬ್ಬಿ ಇಳಿಸಿ, ಹಳೆಯ ಸೈಲೆನ್ಸರ್ ಜೊತೆ ಡಿಕ್ಕಿಗೆ ತುಂಬಿದರು.

ಗಂಡ ಹೆಂಡತಿ ಹರಿಹರದ ಗ್ಯಾರೇಜಿಗೆ ಬಂದರು. ಬಿಲಾಲ್ ಮಾತು ಕಡಿಮೆಯ ಮನುಷ್ಯ. ಕಾರಿನ ಚಕ್ರಗಳನ್ನು ಎರಡು ಉರುಳೆಗಳ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು, ನಿಂತಲ್ಲೇ ಓಡಿಸಿದರು. ಹೊಸ ಸಾಮಾನಿನಲ್ಲಿ ಮೂರು ಸಲ ಓಡಿಸಿದಾಗ ಪರದೆಯ ಮೇಲೆ ಎಪ್ಪತ್ತೆಂಟು ಬಂತು. ಆಮೇಲೆ ಅದನ್ನೆಲ್ಲ ಬಿಚ್ಚಿ, ಹಳೆಯದನ್ನು ಜೋಡಿಸಿ ಮತ್ತೆ ಮೂರು ಸಲ ಓಡಿಸಿದರು. ಎಪ್ಪತ್ತು!

"ಎಂಟು!" ತೋಟಪ್ಪನವರು ಗ್ಯಾರೇಜಿನ ತಗಡು ನಡುಗುವಂತೆ ಕೂಗಿದರು. "ನೋಡ್ದಾ? ಎಂಟು ಕುದ್ರೆ!"

"ಹದಿನೈದು ಅಂದಿದ್ರಿ."

"ಮಿಕ್ಕಿದ್ವು ದಾರಿನಾಗೆ ಬರ್ತಾ ಐದಾವೆ!" ಎಂದವರೇ ಅಂಗಡಿಗೆ ಫೋನ್ ಹಚ್ಚಿ ದಿಗ್ವಿಜಯದ ವಾರ್ತೆ ಕೊಟ್ಟರು.

ಕಸ್ತೂರಮ್ಮನವರು ಆಚೆ ನೋಡಿದರು. ನಿಜ ಹೇಳಬೇಕೆಂದರೆ ಅವರಿಗೆ ಅಳು ಬಂದಿತ್ತು. ಸಾಯೋತನಕ ಎಂದು ತಮ್ಮ ಬಾಯಿಂದಲೇ ಹೇಳಿಬಿಟ್ಟಿದ್ದರಲ್ಲ.

ಬಿಲಾಲ್ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. "ಎಪ್ಪತ್ತು ಬಾಳ ಕಮ್ಮಿ ಆಯ್ತು ಸಾವ್ಕಾರ್ರೆ. ಈ ಇಂಜಿನ್ ಇಷ್ಟು ಸೋಮಾರಿ ಅಲ್ಲ." ಹಳೆಯ ಫಿಲ್ಟರ್ ಡಬ್ಬಿಯನ್ನು ಮತ್ತೆ ಬಿಚ್ಚಿ, ಪೇಪರ್ ಹಾಸಿ ಬೋರಲು ಹಾಕಿದರು.

ಗಳಗಳನೆ ಮಂಡಕ್ಕಿ ಸುರಿಯಿತು.

ಸೇರುಗಟ್ಟಲೆ ಮಂಡಕ್ಕಿ, ಜೊತೆಗೆ ಒಂದಿಷ್ಟು ಹುರಿಗಡಲೆ, ಹರಿದ ಬಟ್ಟೆ.

"ಅಕ್ಕಾರೆ, ಇದನ್ನ ಎಲ್ಲಿಟ್ಟಿದ್ರಿ?"

"ಅಟ್ಟದ ಮ್ಯಾಲೆ, ಮಂಡಕ್ಕಿ ಚೀಲದ ಪಕ್ಕ. ನಾನಲ್ಲ, ಇವ್ರೇ ಎಸೆದಿದ್ದು." ಕಸ್ತೂರಮ್ಮನವರ ದನಿಗೆ ಜೀವ ಬಂದಿತ್ತು.

ಬಿ ಬ್ಲಾಕಿನ ಮೂಷಿಕ ಸಂಸ್ಥಾನವು ಆರು ತಿಂಗಳಿಂದ ಆ ಡಬ್ಬಿಯನ್ನು ಉಗ್ರಾಣ ಮಾಡಿಕೊಂಡಿತ್ತು. ಇಂಜಿನ್ ಪಾಪ ಮಂಡಕ್ಕಿಯ ಸಂದಿಯಲ್ಲಿ ಉಸಿರಾಡುತ್ತಿತ್ತು. ಬಿಲಾಲ್ ಡಬ್ಬಿಗೆ ಗಾಳಿ ಹೊಡೆದು ಚೊಕ್ಕ ಮಾಡಿ, ಕೂರಿಸಿ, ಮತ್ತೆ ಮೂರು ಸಲ ಓಡಿಸಿದರು. ಎಪ್ಪತ್ತೊಂಬತ್ತೂವರೆ ಬಂತು.

"ನಿಮ್ ಹೊಸಾ ಫಿಲ್ಟರ್ ಇಂಜಿನ್ನಿನ ಬಿಸಿಗಾಳಿನೇ ಎಳ್ಕೊಂತೈತೆ ಸಾವ್ಕಾರ್ರೆ. ಅದನ್ನ ಹಾಕಿ ಒಂದೂವರೆ ಕುದ್ರೆ ಕಳ್ಕೊಂಡೀರಿ."

ತೋಟಪ್ಪನವರು ಸೋಲುವ ಪೈಕಿಯೇ? ಕರೆಂಟಿನ ವೋಲ್ಟೇಜ್ ಸರಿಯಿಲ್ಲ ಎಂದರು. ಹರಿಹರದ ಬಿಸಿಲು ಬೇರೆ, ದಾವಣಗೆರೆಯ ಬಿಸಿಲು ಬೇರೆ ಎಂದರು. ಕೊನೆಗೆ ಮಿಷನ್ನೇ ಸುಳ್ಳು ಎಂದರು.

"ಎಂಟು ಬಂದಾಗ್ಲೂ ಇದೇ ಮಿಷನ್ ಇತ್ತಲ್ರೀ," ಎಂದರು ಬಿಲಾಲ್.

ಕಸ್ತೂರಮ್ಮನವರು ಅಂಗೈ ಚಾಚಿದರು. ತೋಟಪ್ಪನವರು ಕೀಲಿಯನ್ನು ಅದರ ಮೇಲಿಟ್ಟರು, ಆದರೆ ಎದೆ ಸೆಟೆಸಿಕೊಂಡೇ ಇಟ್ಟರು.

"ಕೊಟ್ಟ ಮಾತಿಗೆ ಕೊಟ್ಟೀನಿ, ಸೋತಿಲ್ಲ! ನಿನ್ ಪಕ್ಕದ ಸೀಟಿನಾಗೆ ಕೂತು ಬರೋನಲ್ಲ ನಾನು. ಬಸ್ಸಿಗೆ ಬರ್ತೀನಿ!"

"ಹುಷಾರಾಗಿ ಬರ್ರಿ. ಅನ್ನಕ್ಕೆ ಇಟ್ಟಿರ್ತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಹರಿಹರ ದಾಟಿ ಸ್ವಲ್ಪ ದೂರ ಬಂದಿದ್ದರಷ್ಟೆ, ಬಿಳಿ ಕಾರೊಂದು ಹಿಂದಿನಿಂದ ಬಂದು, ಸದ್ದೇ ಇಲ್ಲದೆ ಬಸ್ಸನ್ನು ಸರಾಗವಾಗಿ ದಾಟಿಕೊಂಡು ಮುಂದೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಯಜಮಾನರು ಕತ್ತು ಚಾಚಿ ನೋಡಿದರು.

"ಅಬ್ಬಾ, ಏನ್ ಪಿಕಪ್ ಐತ್ರೀ ಆ ಗಾಡಿಗೆ! ಇಂಜಿನ್ನಿಗೆ ಏನೋ ಹಾಕ್ಸಿರಬೇಕು."

ತೋಟಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಸಾರಿದರು:

"ನಂದ್ರೀ ಅದು! ಆ ಗಾಡಿ ನಂದು!"

ಕಂಡಕ್ಟರ್ ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

"ಆಯ್ತು ಯಜಮಾನ್ರೆ, ನಿಮ್ದೇ ಇರ್ಲಿ. ಈಗ ಕೂಡ್ರಿ, ಟಿಕೆಟ್ ತಗೊಳ್ರಿ."