ಮಾವನ ರಿಲೀವರ್

ನಮ್ಮ ಸೋದರಮಾವನಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಅತ್ತೆ ಮಾತ್ರ ಇನ್ನೂ ಪ್ರೊಬೇಷನ್‌ನಲ್ಲೇ ಇದ್ದಾರೆ. ಹಾಗೆಂದು ಮಾವನೇ ಹೇಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಆರು ತಿಂಗಳು ವಿಸ್ತರಣೆ!

ಮಾವ ಬಿಡದಿಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರು. ಬೈರಾಪಟ್ಟಣದ ಮನೆಯನ್ನೂ ಅದೇ ಕಾಯಿದೆಯಲ್ಲಿ ನಡೆಸುತ್ತಾರೆ. ಹಿತ್ತಿಲ ಎಮ್ಮೆ ಪರ್ಮನೆಂಟು: ಹಾಲು ಬತ್ತಿದರೂ ಮೇವು ನಿಲ್ಲುವುದಿಲ್ಲ. ಕೋಳಿ ದಿನಗೂಲಿ: ಕೆದಕಿದಷ್ಟೇ ಕಾಳು. ಬಿ.ಕಾಂ. ಓದಿದ ನನಗೂ ಪಾಠ ತಪ್ಪಿದ್ದಲ್ಲ.

"ಗುತ್ತಿಗೆ ಅಂದ್ರೆ ಏನ್ ಹೇಳ್ಲಾ?"

"ನಿಗದಿತ ಅವಧಿಗೆ, ಗುತ್ತಿಗೆದಾರನ ಮೂಲಕ..."

"ಥೂ, ಪುಸ್ತಕ ಮುಚ್ಚು. ಕೆಲ್ಸ ಅದೇ, ಮಿಷೀನೂ ಅದೇ, ಕ್ಯಾಂಟೀನ್ ಮುದ್ದೆನೂ ಅದೇ. ಕತ್ತಿಗೆ ಹಾಕೋ ಕಾರ್ಡಿನ ಬಣ್ಣ ಬ್ಯಾರೆ. ಅಷ್ಟೇ ಕಣ್ಲಾ."

ಅವರಿಗೆ ಎಲ್ಲಕ್ಕಿಂತ ದೊಡ್ಡ ಪದ ರಿಲೀವರ್. ಮುಂದಿನ ಪಾಳಿಯವನು ಬಂದು "ತಗೊಂಡೆ" ಎಂದು ಬಾಯಿಬಿಟ್ಟು ಹೇಳುವವರೆಗೆ ಮಿಷೀನು ಬಿಡುವಂತಿಲ್ಲ. ಮನೆಯಲ್ಲೂ ಹಾಗೆಯೇ. ಒಮ್ಮೆ ನಾನು ಅಟ್ಟ ಹತ್ತಿದಾಗ ಏಣಿ ಹಿಡಿದವರು, ನಾನು ಇಳಿದು, ಕೈಕಾಲು ತೊಳೆದು, ಊಟಕ್ಕೆ ಕೂತರೂ ಹಿಡಿದೇ ನಿಂತಿದ್ದರು. ಯಾರೂ "ತಗೊಂಡೆ" ಅಂದಿರಲಿಲ್ಲವಲ್ಲ! ಅವತ್ತು ನಾನು ಬಿದ್ದುಬಿದ್ದು ನಕ್ಕಿದ್ದೆ.

ಕಳೆದ ತಿಂಗಳು ತೋಟದ ಬಾವಿಯ ಕಟ್ಟೆ ಕುಸಿಯಿತು. ಅಲ್ಲಿ ನಿಂತಿದ್ದ ಅತ್ತೆ ಒಳಕ್ಕೆ ಜಾರಿದರು. ಮಾವ ಬೋರಲು ಬಿದ್ದು ಅವರ ಎರಡೂ ಮಣಿಕಟ್ಟು ಹಿಡಿದುಕೊಂಡರು. ನಾನು ಅಕ್ಕಪಕ್ಕದ ತೋಟದವರನ್ನು ಕೂಗುತ್ತ ಓಡಿದೆ. ಈಗಲೂ ಕಣ್ಣು ಮುಚ್ಚಿದರೆ, ಒಂದೊಂದೇ ಕಲ್ಲು ಕೆಳಗೆ ನೀರಿಗೆ ಬೀಳುವ ಸದ್ದು.

ನಾಲ್ವರು ಬಂದು ಅತ್ತೆಯ ತೋಳು ಹಿಡಿದರು. ಆದರೆ ಮಾವ ಅಂಚಿಗೆ ಅಡ್ಡ ಬಿದ್ದಿದ್ದರಿಂದ ಮೇಲೆಳೆಯಲು ಆಗುತ್ತಿಲ್ಲ. ಅವರ ಎದೆಯ ಕೆಳಗಿನ ಮಣ್ಣೂ ಉದುರುತ್ತಿದೆ.

"ಬುಡಣ್ಣೋ, ನಾವ್ ಇಡ್ಕಂಡಿವಿ, ಬುಡು!"

ಮಾವ ಬಿಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದರು.

ನಾನು ಮಂಡಿಯೂರಿ ಅತ್ತೆಯ ಕೈಗೆ ನನ್ನ ಕೈ ಸೇರಿಸಿ, ಮಾವನ ಕಿವಿಯ ಹತ್ತಿರ ಹೇಳಿದೆ: "ಮಾವ, ತಗೊಂಡೆ."

ಬಿಟ್ಟರು. ಅತ್ತೆ ಮೇಲೆ ಬಂದರು.

ಮರುದಿನ, ಅತ್ತೆಯ ಬಳೆಚೂರು ಚುಚ್ಚಿದ್ದ ಮಾವನ ಎರಡೂ ಅಂಗೈಗೆ ಬ್ಯಾಂಡೇಜು. ಆದರೂ ಮೊದಲ ಪಾಳಿಗೆ ಹೊರಟು ನಿಂತರು. "ಗುತ್ತಿಗೆಯವ್ರಿಗೆ ರಜ ಅನ್ನೋದು ಇಲ್ಲ ಕಣ್ಲಾ, ಬರೀ ಆಬ್ಸೆಂಟು."

ಕಾಫಿ ಲೋಟ ಎತ್ತಹೋದರು. ಬ್ಯಾಂಡೇಜಿನಲ್ಲಿ ಹಿಡಿತ ಸಿಗದೆ ಅರ್ಧ ಚೆಲ್ಲಿತು. ಅತ್ತೆ ಅವರ ಹೆಗಲಿನ ಬ್ಯಾಗು ಇಳಿಸಿ, ಲೋಟಕ್ಕೆ ಕೈ ಹಾಕಿದರು. ಮಾವ ಬಿಡಲಿಲ್ಲ.

"ತಗೊಂಡೆ," ಎಂದರು ಅತ್ತೆ. "ಬುಡಿ ಈಗ."