ಜಾಗ ಬಿಟ್ಟ ಅಂಜೂರ

ಕುರ್ಚಿ ಹಾಕಿಕೊಳ್ಳಲು ಜಾಗ ಬೇಕಾಗಿತ್ತು, ಅಷ್ಟೇ. ಕಿಟಕಿಯ ಬೆಳಕಿನಲ್ಲಿ ಕಾಲು ಚಾಚಿ ಪೇಪರ್ ಓದುವ ಆಸೆಗೆ ಅಳಿಯ ಅತ್ತೆಯ ಅಂಜೂರದ ಕುಂಡವನ್ನು ಮೂಲೆಗೆ ಎಳೆದಿದ್ದ.

ಮಗಳ ಜೊತೆ ಪ್ರವಾಸ ಹೊರಟ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದರು: "ನೀರು ವಾರಕ್ಕೊಂದ್ಸಲ ಹಾಕಿ ಸಾಕು. ಜಾಗ ಮಾತ್ರ ಬದಲಾಯಿಸ್ಬೇಡಿ. ಅದಕ್ಕೆ ಮುನಿಸು ಬರುತ್ತೆ."

ಗಿಡಕ್ಕೆಂಥ ಮುನಿಸು ಎಂದು ಅವನು ಒಳಗೊಳಗೇ ನಕ್ಕಿದ್ದ. ಈಗ ಪಿಟೀಲಿನಾಕಾರದ ಅಗಲವಾದ ಎಲೆಗಳೆಲ್ಲ ನೆಲದ ಮೇಲಿದ್ದವು. ಗಿಡದಲ್ಲಿ ಉಳಿದಿದ್ದು ಮೂರೇ ಮೂರು. ಅತ್ತೆ, ಹೆಂಡತಿ ಇಬ್ಬರೂ ಬರುವುದು ಇವತ್ತೇ ಸಂಜೆ.

ಅತ್ತೆಯ ಮನೆಯಲ್ಲೇ ಇರುವ ಅಳಿಯ ಅವನು. ನಲ್ಲಿ ರಿಪೇರಿಯಿಂದ ಹಾಲು ಕಾಯಿಸುವವರೆಗೆ ಅವನು ಕೈ ಹಾಕಿದ ಯಾವ ಕೆಲಸವೂ ನೆಟ್ಟಗಾಗಿರಲಿಲ್ಲ. ಗಿಡವೊಂದನ್ನಾದರೂ ಉಳಿಸಿದ್ದರೆ ಹೆಂಡತಿಯೆದುರು ತಲೆ ಎತ್ತಬಹುದಿತ್ತು.

ಎದುರುಮನೆಯ ದರ್ಜಿ ಕರೆಯದೆಯೇ ಒಳಗೆ ಬಂದ.

"ಬಿಸಿಲು ಸಾಲ್ತಿಲ್ಲ ಸ್ವಾಮಿ!"

ಇಬ್ಬರೂ ಸೇರಿ ಕುಂಡವನ್ನು ಬಾಲ್ಕನಿಗೆ ಒಯ್ದರು. ಒಂದು ಎಲೆ ಉದುರಿತು.

"ಓಹೋ, ಬಿಸಿಲು ಜಾಸ್ತಿಯಾಯ್ತು. ಬಚ್ಚಲಿಗೆ ನಡೀರಿ, ತಂಪಿರುತ್ತೆ."

ಬಚ್ಚಲಲ್ಲಿ ಇನ್ನೊಂದು ಉದುರಿತು. ದರ್ಜಿ ತಲೆ ಕೆರೆದುಕೊಂಡು ಮನೆಗೆ ಹೋಗಿ ಸೂಜಿ ಮತ್ತು ಹಸಿರು ದಾರ ತಂದ. "ಬಿದ್ದದ್ದನ್ನ ಹೊಲಿದ್ಬಿಡೋಣ. ದೂರದಿಂದ ಯಾರಿಗೆ ಗೊತ್ತಾಗುತ್ತೆ?"

ಒಂದು ಎಲೆಯನ್ನು ಹೊಲಿಯುವಷ್ಟರಲ್ಲಿ ಅವನ ಮೊಣಕೈ ತಾಗಿ ಕೊನೆಯ ಎಲೆಯೂ ಕಳಚಿಬಿತ್ತು. ಅಳಿಯ ಬಚ್ಚಲ ಹೊಸ್ತಿಲಲ್ಲೇ ಕುಸಿದು ಕೂತ.

"ಅಳ್ಬೇಡಿ," ದರ್ಜಿ ದನಿ ತಗ್ಗಿಸಿದ. "ಕೆಳಗಿನ ಮನೆ ಟೀಚರ್ ಬಾಗಿಲಲ್ಲಿ ಥೇಟ್ ಇಂಥದ್ದೇ ಗಿಡ, ಇಂಥದ್ದೇ ಪ್ಲಾಸ್ಟಿಕ್ ಕುಂಡ ಇದೆ. ಅವ್ರು ಪಾಠಕ್ಕೆ ಹೋಗಿದಾರೆ. ನಾನಂತೂ ಏನೂ ನೋಡಿಲ್ಲಪ್ಪ." ಅಷ್ಟು ಹೇಳಿ ಜಾರಿಕೊಂಡ.

ಬೋಳು ಗಿಡ ಕೆಳಗಿಳಿಯಿತು, ಹಸಿರು ಗಿಡ ಮೇಲೇರಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆದರೂ ಅಳಿಯ ತಲೆ ಎತ್ತಲಿಲ್ಲ. ಅವನ ಕಿವಿಗಳು ಕಾದ ಹಂಚಿನಂತಾಗಿದ್ದವು.

ಸಂಜೆ ಹೆಂಡತಿ ಒಳಗೆ ಕಾಲಿಡುತ್ತಲೇ ಮುಖ ಅರಳಿಸಿದಳು. "ಅಬ್ಬಾ! ನೋಡಮ್ಮ, ಎಷ್ಟು ಚೆನ್ನಾಗಿ ನೋಡ್ಕೊಂಡಿದಾರೆ! ಇವರ ಕೈಲಿ ಏನೂ ಆಗಲ್ಲ ಅಂತಿದ್ಯಲ್ಲ!" ಎನ್ನುತ್ತ ಮುಖ ತೊಳೆಯಲು ಹೋದಳು. ಆ ಹೊಗಳಿಕೆಗೆ ಅಳಿಯ ಇನ್ನಷ್ಟು ಕುಗ್ಗಿಹೋದ.

ಅತ್ತೆ ಗಿಡದ ಬುಡಕ್ಕೆ ಬಗ್ಗಿದವರು ಹಾಗೇ ನಿಂತರು. "ಕುಂಡಕ್ಕೆ ಇಸ್ತ್ರಿಪೆಟ್ಟಿಗೆ ತಾಗಿದ್ದ ಕಲೆ... ಇದು ನನ್ನ ಗಿಡ!"

"ಹೌದಲ್ಲ ಅತ್ತೆ, ನಿಮ್ಮದೇ."

"ಅಲ್ಲ ರೀ! ನನ್ನ ಗಿಡ ಇಲ್ಲಿರ್ಲೇ ಇಲ್ಲ!" ಅತ್ತೆ ಬಚ್ಚಲ ಕಡೆ ನೋಡಿ ಪಿಸುಗುಟ್ಟಿದರು. "ಹೋದ ವರ್ಷ ನನ್ನದು ಒಣಗಿತ್ತು. ಟೀಚರ್ ಇಲ್ಲದಾಗ ಅದನ್ನ ಅವರ ಬಾಗಿಲಲ್ಲಿಟ್ಟು, ಅವರದ್ದನ್ನ ತಂದ್ಬಿಟ್ಟೆ. ಆವತ್ತಿಂದ ಅವರನ್ನ ಒಳಗೆ ಕರೆದಿಲ್ಲ, ಆ ಬಾಗಿಲ ಕಡೆ ಕಣ್ಣೆತ್ತಿ ನೋಡಿಲ್ಲ. ಇದು ಹೇಗೆ ವಾಪಸ್ ಬಂತು?"

ಅವನು ಉತ್ತರಿಸುವ ಮೊದಲೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟೀಚರ್. ಅವರ ಕಂಕುಳಲ್ಲಿ ಬೋಳು ಗಿಡ, ಅದರಲ್ಲಿ ಹಸಿರು ದಾರಕ್ಕೆ ನೇತಾಡುವ ಒಂದು ಎಲೆ.

"ಈ ದಾರ ನೋಡಿ ದರ್ಜಿಯವರನ್ನ ಕೇಳ್ದೆ. ಎಲ್ಲಾ ಹೇಳಿದ್ರು." ಒಳಗಿನ ಹಸಿರು ಗಿಡದತ್ತ ಅವರು ಬೆರಳು ತೋರಿದರು. "ಹೋದ ವರ್ಷ ಯಾರೋ ನನ್ನ ಗಿಡ ಒಯ್ದು, ಸಾಯ್ತಿದ್ದ ಅದನ್ನ ಇಟ್ಟು ಹೋದ್ರು. ಮಗು ಥರ ಸಾಕಿ ಬದುಕಿಸ್ದೆ. ಅದೂ ನೀವೇನಾ?"

ಹೆಂಡತಿ ಟವೆಲ್ ಹಿಡಿದು ಹೊರಬಂದಳು. ಅತ್ತೆ ಸೆರಗು ಹಿಂಡುತ್ತ ಅಳಿಯನ ಮುಖ ನೋಡಿದರು. ಆ ಕಣ್ಣುಗಳು ಅವನನ್ನು ಬೇಡಿಕೊಳ್ಳುತ್ತಿದ್ದುದು ಅದೇ ಮೊದಲು.

"ಹೌದು ಟೀಚರ್," ಎಂದ ಅಳಿಯ ನೆಲ ನೋಡುತ್ತ. "ಎರಡು ಸಲವೂ ನಾನೇ."

ಹೆಂಡತಿ ಟವೆಲನ್ನು ಕುರ್ಚಿಯ ಮೇಲೆಸೆದು ಒಳಗೆ ಹೋದಳು.

"ಕೇಳಿದ್ರೆ ನಾನೇ ಒಂದು ಕೊಂಬೆ ಕೊಡ್ತಿದ್ನಲ್ಲಪ್ಪ," ಎಂದ ಟೀಚರ್, ಮೊದಲು ತಮ್ಮದೇ ಆಗಿದ್ದ ಬೋಳು ಗಿಡವನ್ನು ಅಪ್ಪಿಕೊಂಡು ಮೆಟ್ಟಿಲಿಳಿದರು. ಬೈದಿದ್ದರೇ ವಾಸಿಯಿತ್ತು.

ಬಾಗಿಲು ಮುಚ್ಚಿತು. ಒಂದು ಒಳ್ಳೆಯ ಮಾತಿಗಾಗಿ ಅಳಿಯ ಅತ್ತೆಯತ್ತ ತಿರುಗಿದ. ಅಷ್ಟರಲ್ಲಿ ಅತ್ತೆ ಸೆರಗು ಕೊಡವಿ ಸರಿಮಾಡಿಕೊಂಡಿದ್ದರು.

"ಅಷ್ಟು ಹೇಳಿ ಹೋಗಿದ್ದೆ, ಜಾಗ ಬದಲಾಯಿಸ್ಬೇಡಿ ಅಂತ. ಒಂದು ಗಿಡ ನೋಡ್ಕೊಳ್ಳೋಕೂ ಬರಲ್ವಲ್ರೀ ನಿಮಗೆ!"

ಆ ಮಾತು ಮುಗಿಯುವ ಮುಂಚೆಯೇ, ಮಧ್ಯಾಹ್ನವಷ್ಟೇ ಜಾಗ ಬದಲಾಯಿಸಿದ್ದ ಹಸಿರು ಗಿಡ ತನ್ನ ಮೊದಲ ಎಲೆ ಉದುರಿಸಿತು.